ಸರಿದ ಗೆರೆಯ ಜಾಡು: ಜಮಖಂಡಿಯಿಂದ ಹಾನ್ಲೆವರೆಗೆ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಹಗರೆ ಸಿಗುತ್ತದೆ. ಅದರ ಸುತ್ತಲಿನ ಬೇಲೂರು, ಹಳೇಬೀಡು, ಅರಸೀಕೆರೆ ಸೀಮೆಯ ಹೊಯ್ಸಳ ಶಾಸನಗಳಲ್ಲಿ ಆಕಾಶಕ್ಕೆ ಒಂದು ಖಾಯಂ ಜಾಗ ಉಂಟು. ಕೆರೆ ಕಟ್ಟಿಸಿದ್ದನ್ನೋ ದೇವರಿಗೆ ಗದ್ದೆ ಬಿಟ್ಟದ್ದನ್ನೋ ಹೇಳುವ ಮೊದಲು ಕಲ್ಲು ಶಕವರ್ಷ, ಸಂವತ್ಸರ, ತಿಥಿ, ವಾರ ಹೇಳುತ್ತದೆ. ಆ ದಿನ ಗ್ರಹಣ ಹಿಡಿದಿದ್ದರೆ ಅದನ್ನೂ ಕೆತ್ತಿಡುತ್ತದೆ. ಗ್ರಹಣಕಾಲದ ದಾನಕ್ಕೆ ಪುಣ್ಯ ಹೆಚ್ಚೆಂಬ ನಂಬಿಕೆಯಿಂದ ಹುಟ್ಟಿದ ಆ ಸಾಲುಗಳು ಇಂದು ಇತಿಹಾಸಕಾರರಿಗೆ ಕಾಲ ಗೊತ್ತುಮಾಡುವ ಗಟ್ಟಿ ಆಧಾರ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟವಾಗಿ ಅಚ್ಚು ಹಾಕಿಸಿದ ಮೇಲೆ ಆ ಲೆಕ್ಕ ಇನ್ನಷ್ಟು ಸುಲಭವಾಯಿತು.

ಕಲ್ಲು ಹೇಳುವುದು ಗ್ರಹಣ ಯಾವಾಗ ಆಯಿತು ಎಂಬುದನ್ನು. ಮೇಲೆ ಉರಿಯುತ್ತಿರುವುದು ಏನು, ಅದು ಯಾವ ಕಡೆಗೆ ಹರಿಯುತ್ತಿದೆ ಎಂದು ಕೇಳುವ ಉಪಾಯ ಕನ್ನಡ ನಾಡಿಗೆ ಬಂದದ್ದು 1868ರಲ್ಲಿ. ಬಂದದ್ದೂ ಒಂದು ಗ್ರಹಣದ ನೆಪದಲ್ಲೇ.

ಆ ಉಪಾಯ ಆಗ ಎಳೆಯದು. ಜರ್ಮನಿಯ ಹೈಡೆಲ್ಬರ್ಗ್‌ನಲ್ಲಿ ಕಿರ್ಚಾಫ್ ಮತ್ತು ಬುನ್ಸೆನ್ 1859ರ ಹೊತ್ತಿಗೆ ಒಂದು ಸಂಗತಿಯನ್ನು ತೋರಿಸಿಕೊಟ್ಟಿದ್ದರು. ಕಾದ ಅನಿಲದ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಬಣ್ಣದ ಪಟ್ಟಿ ಮೂಡುವುದಿಲ್ಲ, ಬಿಡಿಬಿಡಿ ಗೆರೆಗಳು ಮೂಡುತ್ತವೆ. ಒಂದೊಂದು ಧಾತುವಿಗೂ ಅದರದೇ ಗೆರೆಗಳು. ಈ ಬಣ್ಣದ ಹರಹನ್ನು ಕನ್ನಡದ ವಿಜ್ಞಾನ ಬರಹಗಾರರು ರೋಹಿತ ಎಂದು ಕರೆದರು, ಗೆರೆಗಳನ್ನು ರೋಹಿತ ರೇಖೆಗಳೆಂದರು. ಇಂದು ಹುಟ್ಟುತ್ತಿರುವ ನಕ್ಷತ್ರವೊಂದರ ಸುತ್ತ ಅನಿಲ ಒಳಗೆ ಬೀಳುತ್ತಿದೆಯೋ, ಹೊರಗೆ ಚಿಮ್ಮುತ್ತಿದೆಯೋ, ಸುತ್ತು ಹಾಕುತ್ತಿದೆಯೋ ಎಂದು ಖಗೋಳಜ್ಞರು ಹೇಳುವುದು ಈ ಗೆರೆಗಳನ್ನು ಓದಿಯೇ. ಆ ಓದಿನ ಮುಖ್ಯ ಮಜಲುಗಳಲ್ಲಿ ಕೆಲವು ಈ ನಾಡಿನಲ್ಲೂ ಇದರ ನೆರೆಯಲ್ಲೂ ದಾಟಿದವು. 

ಜಮಖಂಡಿ ಆಗ ಪಟವರ್ಧನರ ಸಂಸ್ಥಾನ. ಇಂದು ಬಾಗಲಕೋಟೆ ಜಿಲ್ಲೆಯ ಊರು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ಅದರ ಮೇಲೆ ಹಾದುಹೋಗುವುದಿತ್ತು. ಅಲ್ಲಿಗೆ ರಾಯಲ್ ಸೊಸೈಟಿಯ ಉಪಕರಣಗಳೊಂದಿಗೆ ಬಂದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ತಾತ ವಿಲಿಯಂ ಹರ್ಷೆಲ್ ಯುರೇನಸ್ ಕಂಡುಹಿಡಿದವರು. ತಂದೆ ಸರ್ ಜಾನ್ ಹರ್ಷೆಲ್ 1830ರ ದಶಕದಲ್ಲಿ ಕೇಪ್‌ಗೆ ಹೋಗಿ ದಕ್ಷಿಣಾಕಾಶದ ನೀಹಾರಿಕೆಗಳ ಪಟ್ಟಿ ಮಾಡಿದವರು. ಮಗ ಬೆಂಗಳೂರಿನಲ್ಲಿದ್ದುಕೊಂಡು ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯಲ್ಲಿ ನೆಲ ಅಳೆಯುತ್ತಿದ್ದರು. ಗ್ರಹಣಕ್ಕೆಂದು ದೂರದರ್ಶಕ, ರೋಹಿತದರ್ಶಕಗಳು ಮೊದಲೇ ಕೈಗೆ ಬಂದಿದ್ದರಿಂದ ಅವರು ಸುಮ್ಮನೆ ಕೂರಲಿಲ್ಲ. ತಂದೆ ಕಂಡ ದಕ್ಷಿಣದ ನೀಹಾರಿಕೆಗಳತ್ತ ಅವನ್ನು ತಿರುಗಿಸಿದರು. ಯಾವುದರಲ್ಲಿ ಬಿಡಿ ಗೆರೆಗಳು ಕಾಣುತ್ತವೆ, ಯಾವುದರಲ್ಲಿ ಎಡೆಬಿಡದ ಪಟ್ಟಿ ಕಾಣುತ್ತದೆ ಎಂದು ಗುರುತು ಹಾಕಿದರು. ಗೆರೆ ಕಂಡರೆ ಅದು ಅನಿಲದ ಮೋಡ. ಪಟ್ಟಿ ಕಂಡರೆ ಬಹುಮಟ್ಟಿಗೆ ದೂರದ ನಕ್ಷತ್ರಗಳ ಗುಂಪು. ಆ ವರದಿ 1868ರಲ್ಲೇ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು.

ಗ್ರಹಣದ ಬೆಳಿಗ್ಗೆ ಜಮಖಂಡಿಯ ಆಕಾಶ ಕೈಕೊಟ್ಟಿತು. ಆಗಸ್ಟ್ ತಿಂಗಳು, ಮುಂಗಾರು. ಮೋಡ ಒಂದರ ಹಿಂದೊಂದು ತೇಲಿ ಬರುತ್ತಿತ್ತು. ಪೂರ್ಣಗ್ರಹಣದ ಕೆಲವೇ ನಿಮಿಷಗಳಲ್ಲಿ ಮೋಡ ಒಂದಿಷ್ಟು ಬಿರಿದಾಗ ಹರ್ಷೆಲ್ ಸೂರ್ಯನ ಅಂಚಿನಿಂದ ಎದ್ದ ಒಂದು ಕೆಂಜ್ವಾಲೆಯನ್ನು ರೋಹಿತದರ್ಶಕದ ಸೀಳಿಗೆ ತಂದು ನಿಲ್ಲಿಸಿದರು. ಮೂರು ಗೆರೆಗಳು ಝಗ್ಗೆಂದವು: ಕೆಂಪು, ಕಿತ್ತಳೆ, ನೀಲಿ. ಅಂದರೆ ಆ ಜ್ವಾಲೆ ಅನಿಲ. ಅದೇ ಬೆಳಿಗ್ಗೆ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸನ್ ಕೂಡ ಆ ಗೆರೆಗಳನ್ನು ಕಂಡರು. ಕೆಂಪು, ನೀಲಿ ಎರಡೂ ಹೈಡ್ರೊಜನ್ನಿನವು. ಕಿತ್ತಳೆಯ ಗೆರೆ ಸೋಡಿಯಂನದ್ದಿರಬೇಕು ಎಂದು ಆಗ ಹಲವರು ತಿಳಿದಿದ್ದರು. ಅದು ಭೂಮಿಯ ಮೇಲೆ ಇನ್ನೂ ಕಂಡೇ ಇರದ ಹೀಲಿಯಂ. 1895ರಲ್ಲಿ ವಿಲಿಯಂ ರಾಮ್ಸೆ ಪ್ರಯೋಗಾಲಯದಲ್ಲಿ ಅದನ್ನು ಹಿಡಿಯುವ ತನಕ ಅದು ಸೂರ್ಯನಲ್ಲಿ ಮಾತ್ರ ಇತ್ತು.

ಗೆರೆ ಎಲ್ಲಿದೆ ಎಂಬುದರಿಂದ ಧಾತು ಯಾವುದೆಂದು ತಿಳಿಯಿತು. ಆ ಗೆರೆ ತನ್ನ ಜಾಗ ಬಿಟ್ಟು ಸರಿದಿದ್ದರೆ? ಬೆಳಕಿನ ಮೂಲ ನಮ್ಮ ಕಡೆಗೆ ಬರುತ್ತಿದ್ದರೆ ಗೆರೆ ನೀಲಿಯತ್ತ ಸರಿಯುತ್ತದೆ, ದೂರ ಹೋಗುತ್ತಿದ್ದರೆ ಕೆಂಪಿನತ್ತ. ಡಾಪ್ಲರ್ 1842ರಲ್ಲೇ ಹೇಳಿದ್ದ ಈ ಮಾತನ್ನು ನಕ್ಷತ್ರದ ಮೇಲೆ ಅಳೆಯಲು ವಿಲಿಯಂ ಹಗಿನ್ಸ್ 1868ರಲ್ಲಿ ಲುಬ್ಧಕ ನಕ್ಷತ್ರವನ್ನು ಆರಿಸಿಕೊಂಡರು. ಮರುವರ್ಷ ನಾರ್ಮನ್ ಲಾಕ್ಯರ್ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಹೈಡ್ರೊಜನ್ ಗೆರೆ ನೆಟ್ಟಗೆ ನಿಲ್ಲದೆ ಬಾಗಿ ತಿರುಚಿಕೊಂಡಿರುವುದನ್ನು ಕಂಡರು. ಗೆರೆ ಬಾಗಿದ ಕಡೆ ಅನಿಲ ಸೆಕೆಂಡಿಗೆ ನೂರು ಕಿಲೋಮೀಟರು ಮೀರಿದ ವೇಗದಲ್ಲಿ ನುಗ್ಗುತ್ತಿದೆ ಎಂದು ಅವರು ಲೆಕ್ಕ ಹಾಕಿದರು. ಕಣ್ಣಿಗೆ ನಿಶ್ಚಲವಾಗಿ ಕಾಣುವ ಜ್ವಾಲೆಯಲ್ಲಿ ಬಿರುಗಾಳಿ ಇದೆ ಎಂದು ಗೆರೆಯೊಂದು ಹೇಳಿಬಿಟ್ಟಿತು.

ಇದೇ ಲಾಕ್ಯರ್ 1871ರ ಡಿಸೆಂಬರ್ 12ರಂದು ಬೇಕಲ ಕೋಟೆಯಲ್ಲಿದ್ದರು. ಕೆಳದಿಯ ನಾಯಕರು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ, ಕಡಲಿಗೆ ಮುಖ ಮಾಡಿದ ಆ ಕೋಟೆ ಆಗ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನಂತರ ಕೇರಳದ ಪಾಲಾಯಿತು. ಬ್ರಿಟಿಷ್ ಗ್ರಹಣ ತಂಡದ ಒಂದು ತುಕಡಿ ಅಲ್ಲಿ ಬೀಡುಬಿಟ್ಟಿತ್ತು. ಈ ಸಲ ಆಕಾಶ ತಿಳಿಯಾಗಿತ್ತು. ಲಾಕ್ಯರ್ ಸೀಳು ತೆಗೆದುಹಾಕಿ ಬರೀ ಪಟ್ಟಕಗಳ ಸಾಲಿನಿಂದ ಗ್ರಹಣವನ್ನು ನೋಡಿದರು. ಸೀಳಿದ್ದರೆ ಗೆರೆ ಮೂಡುತ್ತದೆ; ಸೀಳಿಲ್ಲದಿದ್ದರೆ ಒಂದೊಂದು ಬಣ್ಣಕ್ಕೂ ಸೂರ್ಯನ ಸುತ್ತಲಿನ ಅನಿಲದ ಒಂದೊಂದು ಉಂಗುರವೇ ಮೂಡುತ್ತದೆ. ಹೈಡ್ರೊಜನ್ನಿನ ಉಂಗುರಗಳು ಕಂಡವು, ಜೊತೆಗೆ ಒಂದು ಹಸಿರು ಉಂಗುರವೂ ಕಂಡಿತು. ಆ ಹಸಿರು ಯಾವ ಧಾತುವಿನದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಲು ಸುಮಾರು ಎಪ್ಪತ್ತು ವರ್ಷ ಹಿಡಿಯಿತು: ಹದಿಮೂರು ಎಲೆಕ್ಟ್ರಾನ್ ಕಳೆದುಕೊಂಡ, ಹತ್ತು ಲಕ್ಷ ಡಿಗ್ರಿ ಮೀರಿ ಕಾದ ಕಬ್ಬಿಣ. 

ಆದರೂ ಗ್ರಹಣದ ವಿಜ್ಞಾನ ಆತುರದ ವಿಜ್ಞಾನ. ಎರಡು ನಿಮಿಷ, ಐದು ನಿಮಿಷ, ಅಷ್ಟೇ. ದಿನಾ ಕೂತು ಒಂದೇ ಗೆರೆಯನ್ನು ನೋಡುವ ಜಾಗ ಬೇಕಿತ್ತು. ಅದು ಒದಗಿದ್ದು ಪಳನಿ ಬೆಟ್ಟದ ಮೇಲೆ, ಕೊಡೈಕನಾಲ್‌ನಲ್ಲಿ. ಮದರಾಸಿನ ವೀಕ್ಷಣಾಲಯದ ಕೆಲಸ 1899ರಲ್ಲಿ ಅಲ್ಲಿಗೆ ಏರಿತು. ಇಂದು ಅದನ್ನು ನಡೆಸುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ.

1907ರಲ್ಲಿ ಕೊಡೈಕನಾಲ್‌ಗೆ ಬಂದ ಜಾನ್ ಎವರ್ಶೆಡ್ ಅದಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಕಾರ್ಖಾನೆಯ ನೌಕರಿ ಮಾಡಿಕೊಂಡು ಬಿಡುವಿನಲ್ಲಿ ಸೂರ್ಯನನ್ನು ನೋಡುತ್ತಿದ್ದವರು. ಅಮೆರಿಕದ ಜಾರ್ಜ್ ಹೇಲ್ 1908ರಲ್ಲಿ ಸೌರಕಲೆಗಳ ಸುತ್ತ ಸುಳಿಯಂಥ ರಚನೆಗಳ ಚಿತ್ರ ತೆಗೆದು, ಕಲೆಗಳಲ್ಲಿ ಬಲವಾದ ಕಾಂತಕ್ಷೇತ್ರ ಇದೆ ಎಂದು ತೋರಿಸಿದ್ದರು. ಹಾಗಾದರೆ ಕಲೆಯಲ್ಲಿ ಅನಿಲ ಸುಳಿಯಂತೆ ತಿರುಗುತ್ತಿರಬೇಕು. ಒಂದು ಮಗ್ಗುಲಲ್ಲಿ ಗೆರೆ ನೀಲಿಗೆ, ಎದುರು ಮಗ್ಗುಲಲ್ಲಿ ಕೆಂಪಿಗೆ ಸರಿದಿರಬೇಕು. ಎವರ್ಶೆಡ್ ಹುಡುಕಿದ್ದು ಆ ತಿರುಗುವಿಕೆಯನ್ನು. 1909ರ ಜನವರಿ 5ರಂದು ಸಿಕ್ಕಿದ್ದೇ ಬೇರೆ.

ಗೆರೆ ಸರಿದಿತ್ತು ನಿಜ. ಆದರೆ ಸುಳಿಗೆ ಒಪ್ಪುವ ದಿಕ್ಕಿನಲ್ಲಲ್ಲ. ಕಲೆಯ ಕಪ್ಪು ನಡುಭಾಗದ ಸುತ್ತ ಎಳೆ ಎಳೆಯಾದ ಮಬ್ಬು ಅಂಚು ಇರುತ್ತದೆ. ಕಲೆ ಸೂರ್ಯಬಿಂಬದ ನಡುವೆ ಇದ್ದಾಗ ಆ ಅಂಚಿನಲ್ಲಿ ಸರಿತವೇ ಕಾಣುತ್ತಿರಲಿಲ್ಲ. ಕಲೆ ಬಿಂಬದ ಅಂಚಿನತ್ತ ಹೋದಂತೆ ಸರಿತ ಬೆಳೆಯುತ್ತಿತ್ತು: ಬಿಂಬದ ನಡುವಿನ ಕಡೆಗಿರುವ ಮಬ್ಬಿನಲ್ಲಿ ನೀಲಿಯತ್ತ, ಆಚೆಯ ಮಬ್ಬಿನಲ್ಲಿ ಕೆಂಪಿನತ್ತ. ಇದಕ್ಕೆ ಒಪ್ಪುವ ಅರ್ಥ ಒಂದೇ. ಅನಿಲ ಕಲೆಯ ನಡುವಿನಿಂದ ಸುತ್ತಲೂ ಹೊರಕ್ಕೆ, ಸೂರ್ಯನ ಮೇಲ್ಮೈಗೆ ಅಡ್ಡಲಾಗಿ ಹರಿಯುತ್ತಿದೆ. ನೇರ ಮೇಲಿನಿಂದ ನೋಡಿದಾಗ ಆ ಅಡ್ಡ ಹರಿವು ನಮ್ಮ ಕಡೆಗೂ ಬರುವುದಿಲ್ಲ, ದೂರಕ್ಕೂ ಹೋಗುವುದಿಲ್ಲ. ಹಾಗಾಗಿ ಗೆರೆ ಕದಲುವುದಿಲ್ಲ. ವೇಗ ಸೆಕೆಂಡಿಗೆ ಸುಮಾರು 2 ಕಿಲೋಮೀಟರು. 6000 ಆಂಗ್‌ಸ್ಟ್ರಮ್ ಸುಮಾರಿನ ಗೆರೆಯಲ್ಲಿ ಅದು 0.04 ಆಂಗ್‌ಸ್ಟ್ರಮ್‌ನಷ್ಟು ಸರಿತ. ಗಾಜಿನ ಫೋಟೋ ಫಲಕದ ಮೇಲೆ ಇಷ್ಟು ಸಣ್ಣ ವ್ಯತ್ಯಾಸವನ್ನು ಅಳೆದು, ತಾನು ನಿರೀಕ್ಷಿಸಿದ್ದನ್ನು ಬಿಟ್ಟುಕೊಟ್ಟು, ಗೆರೆ ಹೇಳಿದ್ದನ್ನೇ ನಂಬಿದ್ದು ಎವರ್ಶೆಡ್‌ರ ದೊಡ್ಡತನ. ಜಗತ್ತಿನ ಪಠ್ಯಗಳಲ್ಲಿ ಇದು ಎವರ್ಶೆಡ್ ಪರಿಣಾಮ. ಅನಿಲ ಹೇಗೆ ಹರಿಯುತ್ತಿದೆ ಎಂದು ತಿಳಿಯಲು ಗೆರೆ ಎಷ್ಟು ಸರಿಯಿತು ಎಂಬುದು ಮಾತ್ರ ಸಾಲದು, ನೋಡುವ ಕೋನ ಬದಲಾದಾಗ ಸರಿತ ಹೇಗೆ ಬದಲಾಗುತ್ತದೆ ಎಂಬುದೂ ಬೇಕು. ಎಳೆಯ ನಕ್ಷತ್ರಗಳನ್ನು ನೋಡುವವರು ಇಂದಿಗೂ ಇದನ್ನೇ ಪಾಲಿಸುತ್ತಾರೆ.

ಎವರ್ಶೆಡ್ ಸೌರಕಲೆ ನೋಡುತ್ತಿದ್ದ ಕಾಲಕ್ಕೆ ಎಳೆಯ ನಕ್ಷತ್ರಗಳ ತಿಳಿವಳಿಕೆ ಇಷ್ಟು ಸ್ಪಷ್ಟವಿರಲಿಲ್ಲ. ನಕ್ಷತ್ರಗಳು ಇಂದಿಗೂ ಹುಟ್ಟುತ್ತಿವೆ ಎಂಬುದು ಗಟ್ಟಿಯಾಗಿ ಒಪ್ಪಿತವಾದದ್ದು 1940ರ ದಶಕದ ನಂತರ. ಹಾಸನದ ರೈತರು ರೋಹಿಣಿ, ಮೃಗಶಿರಾ ಎಂದು ಮಳೆಗೆ ಹೆಸರಿಟ್ಟು ಬಿತ್ತನೆಗೆ ಇಳಿಯುತ್ತಾರೆ; ಆ ಎರಡು ನಕ್ಷತ್ರಗಳ ನೆರೆಯೇ ಆಕಾಶದಲ್ಲಿ ಹೊಸ ನಕ್ಷತ್ರಗಳ ಸಸಿಮಡಿ. ರೋಹಿಣಿ ಇರುವ ವೃಷಭ ರಾಶಿಯಲ್ಲಿ ಟಿ ಟೌರಿ ಎಂಬ ಮಸುಕು ನಕ್ಷತ್ರವಿದೆ. ಜಾನ್ ಹೈಂಡ್ 1852ರಲ್ಲಿ ಅದನ್ನು ಗುರುತಿಸಿದರು. 1945ರಲ್ಲಿ ಆಲ್ಫ್ರೆಡ್ ಜಾಯ್ ಅದರಂಥ ಹನ್ನೊಂದು ನಕ್ಷತ್ರಗಳ ರೋಹಿತ ನೋಡಿ ಒಂದು ಹೊಸ ವರ್ಗವನ್ನೇ ಮಾಡಿದರು. ಮೃಗಶಿರಾ ಎಂದು ಪಂಚಾಂಗ ಹೇಳುವ ನಕ್ಷತ್ರವನ್ನು ಒಂದು ದೊಡ್ಡ ಅನಿಲದ ಉಂಗುರ ಬಳಸಿದೆ. ಅದರ ಒಂದು ಮೋಡದಲ್ಲಿರುವ ಎಫ್‌ಯು ಓರಿಯಾನಿಸ್ 1936–37ರಲ್ಲಿ ಕೆಲವೇ ತಿಂಗಳಲ್ಲಿ ನೂರು ಪಟ್ಟಿಗೂ ಮಿಗಿಲಾಗಿ ಬೆಳಗಿತು. ಸುತ್ತ ತಿರುಗುವ ಅನಿಲ-ಧೂಳಿನ ತಟ್ಟೆಯಿಂದ ಅನಿಲ ಒಮ್ಮೆಲೆ ನಕ್ಷತ್ರದ ಮೇಲೆ ಸುರಿದಾಗ ಹೀಗಾಗುತ್ತದೆ ಎಂದು ಈಗ ತಿಳಿದಿದೆ.

ಇಂಥ ನಕ್ಷತ್ರಗಳಲ್ಲಿ ಗೆರೆಯ ಜಾಗ, ಸರಿತಗಳ ಜೊತೆಗೆ ಅದರ ಆಕಾರವೂ ಮಾತಾಡತೊಡಗಿತು. 6563 ಆಂಗ್‌ಸ್ಟ್ರಮ್‌ನಲ್ಲಿರುವ ಹೈಡ್ರೊಜನ್ನಿನ ಕೆಂಪು ಗೆರೆಯನ್ನು ತೆಗೆದುಕೊಳ್ಳಿ. ಗೆರೆಯ ನೀಲಿ ಮಗ್ಗುಲಲ್ಲಿ ಒಂದು ಕಪ್ಪು ತಗ್ಗು ಇದ್ದರೆ, ನಕ್ಷತ್ರಕ್ಕೂ ನಮಗೂ ನಡುವೆ ಇರುವ ಅನಿಲ ನಮ್ಮತ್ತ ಬೀಸುತ್ತಿದೆ ಎಂದರ್ಥ: ಹೊರಗಾಳಿ. ತಗ್ಗು ಎರಡು ಆಂಗ್‌ಸ್ಟ್ರಮ್‌ಗಿಂತ ಸ್ವಲ್ಪ ಹೆಚ್ಚು ದೂರದಲ್ಲಿದ್ದರೆ ಗಾಳಿಯ ವೇಗ ಸೆಕೆಂಡಿಗೆ 100 ಕಿಲೋಮೀಟರು. ತಗ್ಗು ಕೆಂಪು ಮಗ್ಗುಲಲ್ಲಿದ್ದರೆ ಅನಿಲ ನಮ್ಮಿಂದ ದೂರ, ನಕ್ಷತ್ರದ ಮೇಲಕ್ಕೆ ಬೀಳುತ್ತಿದೆ. ಗೆರೆಗೆ ಎರಡು ಕೊಂಬು ಮೂಡಿದ್ದರೆ ಸಾಮಾನ್ಯವಾಗಿ ತಿರುಗುವ ತಟ್ಟೆಯ ಗುರುತು. ರಾಗಿ ಒಕ್ಕುವ ಕಣದಲ್ಲಿ ಮೇಟಿಯ ಸುತ್ತ ಎತ್ತುಗಳು ತಿರುಗುವುದನ್ನು ಅಂಚಿನಲ್ಲಿ ನಿಂತು ನೋಡಿದರೆ ಒಂದು ಮಗ್ಗುಲಲ್ಲಿ ಅವು ಎದುರಿಗೆ ಬರುತ್ತವೆ, ಇನ್ನೊಂದು ಮಗ್ಗುಲಲ್ಲಿ ದೂರ ಹೋಗುತ್ತವೆ. ಎರಡು ಕೊಂಬು ಹುಟ್ಟುವುದು ಹಾಗೆ. ಆದರೆ ಕಣದಲ್ಲಿ ಮೇಟಿಗೆ ಹತ್ತಿರದ ಎತ್ತು ನಿಧಾನ, ಹೊರಗಿನದು ಬಿರುಸು. ನಕ್ಷತ್ರದ ತಟ್ಟೆಯಲ್ಲಿ ಇದು ತಿರುವುಮುರುವು: ಒಳಗಿನ ಅನಿಲವೇ ಬಿರುಸು, ಹೊರಗಿನದು ನಿಧಾನ. ಆ ವೇಗಗಳ ಇಳಿಜಾರನ್ನು ಅಳೆದರೆ ನಡುವಿನ ನಕ್ಷತ್ರದ ತೂಕ ಸಿಗುತ್ತದೆ.

ನಕ್ಷತ್ರ ಇನ್ನೂ ಮೋಡದೊಳಗೆ ಹೂತಿರುವಾಗ ಕಣ್ಣಿಗೆ ಕಾಣುವ ಬೆಳಕು ಹೊರಬರುವುದಿಲ್ಲ. ಆ ಮೋಡದ ಬಹುಪಾಲು ಹೈಡ್ರೊಜನ್ ಅಣುಗಳೇ ಆದರೂ ಅಷ್ಟು ಚಳಿಯಲ್ಲಿ ಅವು ಮೂಕ. ಅವುಗಳ ಪರವಾಗಿ ಮಾತಾಡುವುದು ಕಾರ್ಬನ್ ಮೊನಾಕ್ಸೈಡ್. ಅದರ ಗೆರೆ 2.6 ಮಿಲಿಮೀಟರ್ ಅಲೆಯುದ್ದದ ರೇಡಿಯೋ ಅಲೆ, ಆವರ್ತ 115.27 ಗಿಗಾಹರ್ಟ್ಜ್. 1970ರಲ್ಲಿ ವಿಲ್ಸನ್, ಜೆಫರ್ಟ್ಸ್, ಪೆನ್ಜಿಯಾಸ್ ಮಹಾವ್ಯಾಧ (ಓರಿಯಾನ್) ಪುಂಜದ ನೀಹಾರಿಕೆಯಲ್ಲಿ ಅದನ್ನು ಮೊದಲು ಹಿಡಿದರು. ಹತ್ತು ವರ್ಷದಲ್ಲಿ ವೃಷಭ ರಾಶಿಯ ಒಂದು ಮೋಡದಿಂದ ಎರಡು ಎದುರುಬದುರು ದಿಕ್ಕಿನಲ್ಲಿ ಅನಿಲ ಚಿಮ್ಮುತ್ತಿರುವುದು ಆ ಗೆರೆಯ ನೀಲಿ, ಕೆಂಪು ರೆಕ್ಕೆಗಳಿಂದ ಗೊತ್ತಾಯಿತು. ಹುಟ್ಟುವ ನಕ್ಷತ್ರ ಬರೀ ನುಂಗುವುದಿಲ್ಲ, ಉಗುಳುತ್ತದೆ ಕೂಡ ಎಂಬುದು ಹೀಗೆ ತಿಳಿದದ್ದು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಆವರಣದಲ್ಲಿ, ಮೇಖ್ರಿ ಸರ್ಕಲ್ಲಿನ ವಾಹನಗಳ ಗದ್ದಲಕ್ಕೆ ಕೂಗಳತೆಯಲ್ಲಿ, ಇದೇ ಗೆರೆಯನ್ನು ಹಿಡಿಯುವ 10.4 ಮೀಟರಿನ ದೂರದರ್ಶಕ ಇತ್ತು. ವಿ. ರಾಧಾಕೃಷ್ಣನ್ ನಿರ್ದೇಶಕರಾಗಿದ್ದ ಕಾಲದ ಸಾಹಸ ಅದು. ಸಾಹಸ ಎನ್ನುವುದಕ್ಕೆ ಕಾರಣವಿದೆ: ಮಿಲಿಮೀಟರ್ ಅಲೆಗಳನ್ನು ಗಾಳಿಯ ನೀರಾವಿ ಹೀರಿಬಿಡುತ್ತದೆ. ಇಂಥ ದೂರದರ್ಶಕಗಳನ್ನು ಮರುಭೂಮಿಯಲ್ಲೋ ಎತ್ತರದ ಬೆಟ್ಟದ ಮೇಲೋ ನಿಲ್ಲಿಸುತ್ತಾರೆ. ಬೆಂಗಳೂರಿನ ಎತ್ತರ 900 ಮೀಟರು ಚಿಲ್ಲರೆ. ಚಳಿಗಾಲದ ಒಣ ರಾತ್ರಿಗಳೇ ಅದರ ಆಸ್ತಿ. ಇನ್ನೊಂದು ಆಸ್ತಿ ಅಕ್ಷಾಂಶ. 13 ಡಿಗ್ರಿ ಉತ್ತರದಲ್ಲಿರುವ ಬೆಂಗಳೂರಿನಿಂದ ದಕ್ಷಿಣಾಕಾಶದ ಗಮ್ ನೀಹಾರಿಕೆ ದಿಗಂತದಿಂದ ಸುಮಾರು 30 ಡಿಗ್ರಿ ಮೇಲೇರುತ್ತದೆ. ಯೂರೋಪಿನ ಬಹುಪಾಲು ನೆಲದಿಂದ ಅದು ಕಾಣುವುದೇ ಇಲ್ಲ.

ಆ ನೀಹಾರಿಕೆಯಲ್ಲಿ ಧೂಮಕೇತುವಿನಂತೆ ತಲೆ, ಬಾಲ ಇರುವ ಸಣ್ಣ ಕಪ್ಪು ಮೋಡಗಳ ಒಂದು ಗುಂಪಿದೆ. 1976ರಲ್ಲಿ ಹಾರ್ಡನ್, ಬ್ರ್ಯಾಂಡ್ ಅವನ್ನು ಗುರುತಿಸಿದರು. ಎಲ್ಲದರ ತಲೆಯೂ ಒಂದೇ ನಡುವಿನತ್ತ, ಬಾಲ ಹೊರಕ್ಕೆ. ಮೊದಲನೆಯ ಮೋಡದ ತಲೆಯ ಬಳಿಯೇ ಎನ್‌ಎಕ್ಸ್ ಪಪ್ಪಿಸ್ ಎಂಬ ಎಳೆಯ ನಕ್ಷತ್ರವಿದೆ. ಟಿ.ಕೆ. ಶ್ರೀಧರನ್ ಬೆಂಗಳೂರಿನ ದೂರದರ್ಶಕದಿಂದ ಈ ಮೋಡಗಳನ್ನು ಒಂದೊಂದಾಗಿ ನೋಡಿ ಪ್ರತಿಯೊಂದರ ಕಾರ್ಬನ್ ಮೊನಾಕ್ಸೈಡ್ ಗೆರೆ ಎಷ್ಟು ಸರಿದಿದೆ ಎಂದು ಅಳೆದರು. ಈ ಆವರ್ತದಲ್ಲಿ ಸೆಕೆಂಡಿಗೆ ಒಂದು ಕಿಲೋಮೀಟರಿನ ವೇಗ ಎಂದರೆ ಸುಮಾರು 385 ಕಿಲೋಹರ್ಟ್ಜ್ ಸರಿತ. ರೇಡಿಯೋ ಗ್ರಾಹಕಕ್ಕೆ ಅದು ಸುಲಭದ ಅಳತೆ. 1992ರಲ್ಲಿ ಬೆಂಗಳೂರಿನಿಂದಲೇ ಹೊರಡುವ ಜರ್ನಲ್ ಆಫ್ ಆಸ್ಟ್ರೋಫಿಸಿಕ್ಸ್ ಅಂಡ್ ಆಸ್ಟ್ರಾನಮಿ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಗುಂಪು ಒಂದು ನಡುವಿನಿಂದ ಸೆಕೆಂಡಿಗೆ ಸುಮಾರು 12 ಕಿಲೋಮೀಟರು ವೇಗದಲ್ಲಿ ಹರಡುತ್ತಿದೆ. ಹಿಂದಕ್ಕೆ ಲೆಕ್ಕ ಹಾಕಿದರೆ ಈ ಹರಡಿಕೆ ಶುರುವಾಗಿ ಸುಮಾರು 60 ಲಕ್ಷ ವರ್ಷವಾಗಿದೆ. ಆ ವೇಗದಲ್ಲಿ ಅಷ್ಟು ಕಾಲ ಸಾಗಿದ ಮೋಡ 240 ಬೆಳಕಿನ ವರ್ಷ ದೂರ ಬಂದಿರುತ್ತದೆ. ಎವರ್ಶೆಡ್ ಸೌರಕಲೆಯೊಂದರ ಸುತ್ತ ಕಂಡ ಹೊರಹರಿವಿನ ತರ್ಕವೇ ಇಲ್ಲಿಯೂ ಇದೆ: ಸುತ್ತಲಿನ ಹಲವು ದಿಕ್ಕುಗಳ ಸರಿತವನ್ನು ಒಟ್ಟಿಗೆ ಇಟ್ಟರೆ ಮಾತ್ರ ಹರಿವಿನ ನಡು ತಿಳಿಯುತ್ತದೆ.

ಸಂಸ್ಥೆಯ ಗೋಡೆ ಹಾರಿ ಹೋದವರೂ ಈ ಕಥೆಯ ಪಾತ್ರಗಳೇ. ಶ್ರೀಧರನ್ ಮುಂದೆ ಅಮೆರಿಕದ ಹಾರ್ವರ್ಡ್-ಸ್ಮಿತ್ಸೋನಿಯನ್ ಕೇಂದ್ರದಲ್ಲಿ ಭಾರೀ ತೂಕದ ನಕ್ಷತ್ರಗಳ ಹುಟ್ಟಿನ ಮೇಲೆ ಕೆಲಸ ಮಾಡಿದರು. ಬೆಂಗಳೂರಿನ ಇದೇ ದೂರದರ್ಶಕದಲ್ಲಿ ಪಳಗಿದ ನಿಮೇಶ್ ಪಟೇಲ್ 2005ರಲ್ಲಿ ಅದೇ ಕೇಂದ್ರದಿಂದ ನೇಚರ್ ಪತ್ರಿಕೆಯಲ್ಲಿ ಒಂದು ಲೇಖನದ ಮೊದಲ ಲೇಖಕರಾದರು. ಸೂರ್ಯನಿಗಿಂತ ಸುಮಾರು 15 ಪಟ್ಟು ಭಾರದ ಎಳೆಯ ನಕ್ಷತ್ರವೊಂದರ ಸುತ್ತಲೂ ಧೂಳು ಮತ್ತು ಅನಿಲದ ತಟ್ಟೆ ಇದೆ ಎಂದು ಅದು ತೋರಿಸಿತು. ಸಣ್ಣ ನಕ್ಷತ್ರದಂತೆ ದೊಡ್ಡದೂ ತಟ್ಟೆಯ ಮೂಲಕವೇ ಬೆಳೆಯುತ್ತದೆಯೇ ಎಂಬ ಹಳೆಯ ಚರ್ಚೆಗೆ ಅದು ಗಟ್ಟಿ ಸಾಕ್ಷ್ಯ.

ಇತ್ತ ಭಾರತೀಯ ಖಭೌತ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟಕ್ಕಿಂತ 4500 ಮೀಟರ್ ಎತ್ತರದಲ್ಲಿ, 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಿಲ್ಲಿಸಿತು. 2000ದ ಸೆಪ್ಟೆಂಬರಿನಲ್ಲಿ ಅದರ ಕಣ್ಣು ತೆರೆಯಿತು. ಅದನ್ನು ನಡೆಸುವವರು ಕೂರುವುದು ಮಾತ್ರ ಬೆಂಗಳೂರಿನ ಹೊರಗೆ, ಹೊಸಕೋಟೆಯಲ್ಲಿ; ಉಪಗ್ರಹ ಸಂಪರ್ಕದ ಮೂಲಕ. 2004ರ ಜನವರಿಯಲ್ಲಿ ಅಮೆರಿಕದ ಹವ್ಯಾಸಿ ವೀಕ್ಷಕ ಜೇ ಮೆಕ್‌ನೀಲ್ ಮಹಾವ್ಯಾಧದಲ್ಲಿ ಹೊಸದೊಂದು ಬೆಳಕಿನ ಮಬ್ಬನ್ನು ಕಂಡಾಗ, ಅದರ ಹಿಂದಿದ್ದ ವಿ1647 ಓರಿಯಾನಿಸ್ ಎಂಬ ಎಳೆಯ ನಕ್ಷತ್ರ ಏಕಾಏಕಿ ಬೆಳಗಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಡಿ.ಕೆ. ಓಝಾ ಮತ್ತು ಸಂಗಡಿಗರು ಹಾನ್ಲೆಯ ದೂರದರ್ಶಕದಿಂದ ಅದರ ಬೆನ್ನು ಹತ್ತಿದರು. ಹೈಡ್ರೊಜನ್ ಗೆರೆಯ ನೀಲಿ ಮಗ್ಗುಲಲ್ಲಿ ತಗ್ಗು ಇತ್ತು: ಒಳಗೆ ಅನಿಲ ಸುರಿಯುತ್ತಿದ್ದ ಹೊತ್ತಿನಲ್ಲೇ ಹೊರಗೆ ಬಿರುಗಾಳಿಯೂ ಎದ್ದಿತ್ತು. ನಕ್ಷತ್ರ ಮಂಕಾಗಿ, 2008ರಲ್ಲಿ ಮತ್ತೆ ಬೆಳಗಿದಾಗಲೂ ಹಾನ್ಲೆಯ ವೀಕ್ಷಣೆ ಮುಂದುವರಿಯಿತು. ಎಷ್ಟೋ ವರ್ಷ ಒಂದೇ ನಕ್ಷತ್ರವನ್ನು ಬಿಡದೆ ನೋಡುವ ಈ ಛಲ ಸಣ್ಣ ದೂರದರ್ಶಕಗಳಿಗೆ ಒಗ್ಗುವ ಕೆಲಸ; ದೊಡ್ಡವಕ್ಕೆ ಅಷ್ಟು ರಾತ್ರಿಗಳ ಬಿಡುವು ಇರುವುದಿಲ್ಲ.

2006ರಲ್ಲಿ ಪಿ. ಮನೋಜ್, ಎಚ್.ಸಿ. ಭಟ್, ಜಿ. ಮಹೇಶ್ವರ್, ಎಸ್. ಮುನೀರ್ ಎಂಬ ನಾಲ್ವರು ಸೂರ್ಯನಿಗಿಂತ ಒಂದಿಷ್ಟು ಭಾರದ ಹಲವು ಎಳೆಯ ನಕ್ಷತ್ರಗಳ ರೋಹಿತ ಪಡೆದು, ಗೆರೆಯ ಹೊಳಪನ್ನು ನಕ್ಷತ್ರದ ವಯಸ್ಸಿನ ಪಕ್ಕ ಇಟ್ಟು ನೋಡಿದರು. ವಯಸ್ಸು ಏರಿದಂತೆ ಹೈಡ್ರೊಜನ್ ಗೆರೆ ಸೊರಗುತ್ತದೆ. ಒಳತಟ್ಟೆಯಿಂದ ಅನಿಲ ಸುರಿಯುವುದು ಬಹುಪಾಲು ನಕ್ಷತ್ರಗಳಲ್ಲಿ 30 ಲಕ್ಷ ವರ್ಷದೊಳಗೆ ನಿಂತುಹೋಗುತ್ತದೆ. ಗ್ರಹಗಳು ರೂಪುಗೊಳ್ಳಲು ಸಿಗುವ ಕಚ್ಚಾ ಮಾಲಿನ ಗಡುವು ಇದು. ಭೂಮಿಯಂಥ ನೆಲ ಹುಟ್ಟುವ ಲೆಕ್ಕಕ್ಕೆ ಬೇಕಾದ ಒಂದು ಮುಖ್ಯ ಅಂಕಿ ಹೀಗೆ ಕೆಂಪು ಗೆರೆಯೊಂದರ ದಪ್ಪದಿಂದ ಸಿಕ್ಕಿತು.

ಹಾನ್ಲೆಯ ಮೊದಲ ರೋಹಿತಮಾಪಕಕ್ಕೆ ಸೆಕೆಂಡಿಗೆ ನೂರು ಕಿಲೋಮೀಟರಿಗಿಂತ ಕಡಿಮೆ ವೇಗದ ವ್ಯತ್ಯಾಸವನ್ನು ಬಿಡಿಸಿ ನೋಡುವುದು ಕಷ್ಟವಿತ್ತು. 2015ರ ಸುಮಾರಿಗೆ ಅಲ್ಲಿ ಅಳವಡಿಸಿದ ಹಾನ್ಲೆ ಎಶೆಲ್ ರೋಹಿತಮಾಪಕದ ಬಿಡಿಸುವ ಶಕ್ತಿ 60,000. ಅಂದರೆ ಸೆಕೆಂಡಿಗೆ 5 ಕಿಲೋಮೀಟರಿನ ಅಂತರವೂ ಅದಕ್ಕೆ ಬೇರೆಬೇರೆಯಾಗಿ ಕಾಣುತ್ತದೆ. ಒಂದೇ ಗೆರೆಯೊಳಗೆ ಬೀಳುವ ಅನಿಲದ ತಗ್ಗು, ಬೀಸುವ ಗಾಳಿಯ ತಗ್ಗು, ತಟ್ಟೆಯ ಕೊಂಬು ಮೂರನ್ನೂ ಬಿಡಿಸಿಡಲು ಬೇಕಾದಷ್ಟು ಸೂಕ್ಷ್ಮ ಅದು. ಟಿ ಟೌರಿ ವರ್ಗದ ನಕ್ಷತ್ರಗಳಲ್ಲಿ ಈ ಗೆರೆಯ ಆಕಾರ ರಾತ್ರಿಯಿಂದ ರಾತ್ರಿಗೆ ಬದಲಾಗುತ್ತದೆ. ಅವುಗಳ ರೋಹಿತವನ್ನು ಮತ್ತೆ ಮತ್ತೆ ಪಡೆಯುವುದು ಅದಕ್ಕೇ.